ಕೆಂಪು ಬಟ್ಟೆ ಕಟ್ಟಿದ ಕಾಕಾ

ಕೇಳುವಾಗ ಅವರು ಎಡಗಣ್ಣು ಮುಚ್ಚುತ್ತಿದ್ದರು. ಪೂರ್ತಿ ಮುಚ್ಚಿ, ಬಲಗಿವಿಯನ್ನು ಮುಂದೆ ಚಾಚಿ, ಉಸಿರು ಬಿಗಿಹಿಡಿದು ಕೇಳುವುದು. ಗ್ಯಾಸ್ ಸಿಲಿಂಡರ್ ಬಂದರೆ ಬೆರಳ ಗೆಣ್ಣಿನಿಂದ ತಟ್ಟಿ ಹಾಗೆ ಕೇಳುತ್ತಿದ್ದರು. ಮಾರ್ಕೆಟ್ಟಿನ ಕಲ್ಲಂಗಡಿಯನ್ನೂ ಅಷ್ಟೇ. ಮನುಷ್ಯರು ಮಾತಾಡಿದರೂ ಅದೇ ಪರೀಕ್ಷೆ. ನಾವು ನಿಜವನ್ನೇ ಹೇಳುತ್ತಿದ್ದರೂ ಆ ಮುಚ್ಚಿದ ಕಣ್ಣಿನೆದುರು ನಮ್ಮ ಮಾತಿನ ಮೇಲೆ ನಮಗೇ ಅನುಮಾನ ಬಂದುಬಿಡುತ್ತಿತ್ತು.

ಡೊಂಬಿವಲಿಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿ ಪಕ್ಕದ ನಮ್ಮ ಸೊಸೈಟಿಯಲ್ಲಿ ನೆಲಮಹಡಿಯ ಮನೆ ಅವರದು, ಅದರ ಮೇಲಿನದು ನಮ್ಮದು. ವಿಜಯಪುರದ ಕಡೆಯವರು. ರೈಲ್ವೆಯ ಒಂದು ಶೆಡ್ಡಿನಲ್ಲಿ ರೈಲು ಡಬ್ಬಿಗಳ ಅಡಿಗೆ ನುಗ್ಗಿ ಸುತ್ತಿಗೆಯಿಂದ ಕಬ್ಬಿಣ ತಟ್ಟಿ ನೋಡುವ ಕೆಲಸ ಮಾಡಿ ರಿಟೈರ್ ಆದವರು. ಇಡೀ ಬಿಲ್ಡಿಂಗಿಗೆ ಅವರು ಕಾಕಾ, ನನ್ನ ಮಗಳಿಗೆ ಮಾತ್ರ ಆಜೋಬಾ, ಅಂದರೆ ಅಜ್ಜ. ಯಾರನ್ನೂ ನಂಬದ ಮನುಷ್ಯ ಎಂದು ನಾನು ಅವರನ್ನು ಆಡಿಕೊಳ್ಳುತ್ತಿದ್ದೆ. ಆದರೆ ಅನುಮಾನದಲ್ಲಿ ನಾನೇನು ಕಡಿಮೆಯವನಲ್ಲ. ಠಾಣೆ ಪಟ್ಟಣದಲ್ಲಿ ಕ್ಯಾಂಟೀನ್ ನಡೆಸುವವನು, ಹಾಲಿನವನು ನಕ್ಕರೂ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುವ ಜಾತಿ ನನ್ನದು.

ಆ ವರ್ಷ ಮಗಳ ಪರೀಕ್ಷೆ ಮುಗಿದ ಮೇಲೆ ಐದು ದಿನ ಎಲ್ಲಾದರೂ ಬಯಲಿಗೆ ಹೋಗೋಣ ಎಂದು ಹೊರಟೆವು. ಮುರ್ಬಾಡ್ ದಾಟಿ, ಮಾಳಶೇಜ್ ಘಾಟ್ ಹತ್ತಿ, ಮರಾಠವಾಡದ ಒಣ ನೆಲ ಹಾದು ಲೋಣಾರದ ಉಪ್ಪು ಸರೋವರದವರೆಗೆ. ತೊಡಕು ಅಮ್ಮನದು. ಉಡುಪಿ ಬಿಟ್ಟು ನಲವತ್ತು ವರ್ಷವಾದರೂ ಹೊರಗಿನ ಅಡುಗೆ ಮುಟ್ಟುವುದಿಲ್ಲ, ಮೊಣಕಾಲು ಮಡಚುವುದಿಲ್ಲ. ಅದಕ್ಕೇ ನವಿ ಮುಂಬಯಿಯ ಒಬ್ಬರಿಂದ ಕ್ಯಾಂಪರ್ ಟ್ರೇಲರ್ ಬಾಡಿಗೆಗೆ ತಂದೆ. ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆಯುವ ಪುಟ್ಟ ಮನೆ ಅದು: ಎರಡು ಹಾಸಿಗೆ, ಒಂದು ಒಲೆ, ಅಮ್ಮನಿಗೆ ಕುರ್ಚಿ ಕಕ್ಕಸು. ಅಮ್ಮ ಒಳಗೆ ಹೋಗಿ ಒಲೆ ನೋಡಿ, "ಇಲ್ಲಿ ಗಂಜಿ ಬೇಯಿಸ್ಲಿಕ್ಕೆ ಆಗ್ತದೆ ಮಾರಾಯ" ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಟ್ರೇಲರ್ ಕಾಂಪೌಂಡಿನಲ್ಲಿ ನಿಂತ ಎರಡು ದಿನವೂ ಕಾಕಾ ಅದರ ಸುತ್ತ ಗಿರಕಿ ಹೊಡೆದರು. "ಇದನ್ನ ಯಾರ ವೆಲ್ಡ್ ಮಾಡ್ಯಾರ?" ಎಂದರು. "ಎಷ್ಟು ಗಂಟೆಗೆ ಹೊಂಡ್ತೀರಿ? ಮೊದಲ ಎಲ್ಲಿ ನಿಲ್ಲಸ್ತೀರಿ?" ಎಂದರು. ಮಗಳು ನಾವು ಬರೆದಿಟ್ಟ ಪಟ್ಟಿಯನ್ನೇ ತೋರಿಸಿಬಿಟ್ಟಳು: ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವುದು, ಟಿಟ್ವಾಳಾದ ಗಣಪತಿಗೆ ಪೂಜೆ, ಆಮೇಲೆ ಘಾಟ್. ಐದು ದಿನ ಮನೆ ಖಾಲಿ ಬೀಳುತ್ತದೆ, ನಾವು ಹೊರಡುವ ಸಮಯ ಇವರಿಗೇಕೆ ಎಂದು ನನಗೆ ಒಳಗೊಳಗೇ ಕೊರೆಯತೊಡಗಿತು. ಅಷ್ಟರಲ್ಲಿ ಸೆಕ್ರೆಟರಿ ಕರೆದು, ಟ್ರೇಲರ್ ತೆಗೆಸಬೇಕೆಂದು ಯಾರೋ ಅರ್ಜಿ ಕೊಟ್ಟಿದ್ದಾರೆ ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಇದು ಕಾಕಾನದೇ ಹೊಟ್ಟೆಕಿಚ್ಚು ಎಂದು ನಾನು ತೀರ್ಮಾನಿಸಿಯಾಗಿತ್ತು.

ಹೊರಡುವ ಬೆಳಿಗ್ಗೆ ಸಾಮಾನು ಹಿಡಿದು ಕೆಳಗಿಳಿದರೆ, ಟ್ರೇಲರಿನ ಕೊಕ್ಕೆಗೆ ಕೆಂಪು ಬಟ್ಟೆ! ಮೂರು ಗಂಟು ಹಾಕಿ ಬಿಗಿದಿದೆ. ಪಕ್ಕದ ಕಬ್ಬಿಣದ ಮೇಲೆ ಸುಣ್ಣದಕಡ್ಡಿಯಿಂದ ಒಂದು ವೃತ್ತ, ಅದರೊಳಗೆ ಅಡ್ಡ ಗೆರೆಗಳು. ಅಮ್ಮ ನಿಂತಲ್ಲೇ ನಿಂತುಬಿಟ್ಟರು.

"ಮುಟ್ಬೇಡ ಮಗ. ಇದು ಸಾದಾ ಬಟ್ಟೆ ಅಲ್ಲ. ಯಾರೋ ಬೇಕಂತಲೇ ಮಾಡಿಸಿದ್ದು."

"ಎಂತ ಮಾಡಿಸಿದ್ದು ಅತ್ತೆ?" ಎಂದಳು ನನ್ನ ಹೆಂಡತಿ.

"ಮಾಟ. ಮತ್ತೆಂತ?"

ನಾನು ಓದಿದವನು, ನಗಬೇಕಿತ್ತು. ನಗು ಬರಲಿಲ್ಲ. ವಾಚ್‌ಮನ್‌ನನ್ನು ಕೇಳಿದರೆ, "ಕಾಕಾ ಬಾಂಧಕೇ ಗಯಾ, ಸ್ಕೂಟರ್ ಪೇ" ಎಂದ. ಕಟ್ಟಿ, ಸ್ಕೂಟರ್ ಹತ್ತಿ ಪರಾರಿ! ಮೈ ಉರಿಯಿತು. ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿದೆ. ಅಮ್ಮ ಮೇಲಿನಿಂದ ಅರಿಶಿನದ ನೀರು ತರಿಸಿ ಆ ವೃತ್ತವನ್ನು ಒರೆಸಿ, ತುಳುವಿನಲ್ಲಿ ಊರ ದೈವಕ್ಕೆಲ್ಲ ಹೇಳಿಕೊಂಡರು. ಕೊಕ್ಕೆ ಸಿಕ್ಕಿಸಿ ಹೊರಟೆವು.

ಕಲ್ಯಾಣದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಇಂಚು ಇಂಚು ಸರಿಯುತ್ತಿದ್ದಾಗ ಫೋನ್ ಬಡಿಯತೊಡಗಿತು. ಕಾಕಾ. ಬಟ್ಟೆ ಬಿಚ್ಚಿದ್ದು ಗೊತ್ತಾಗಿ ಜಗಳಕ್ಕೆ ಫೋನ್ ಮಾಡುತ್ತಿದ್ದಾರೆ ಎಂದುಕೊಂಡೆ. ಅಮ್ಮ "ಎತ್ಬೇಡ" ಎಂದರು. "ಪಪ್ಪಾ, ಆಜೋಬಾಂಚಾ ಪರತ್ ಫೋನ್" ಎಂದು, ಆಜೋಬಾರ ಫೋನ್ ಮತ್ತೆ ಬಂತೆಂದು, ಮಗಳು ಹಿಂದಿನ ಸೀಟಿನಿಂದ ಹೇಳುತ್ತಲೇ ಇದ್ದಳು. ಏಳು ಸಲ ಬಂತು. ಏಳೂ ಸಲ ನಾನು ಹೆಸರು ನೋಡಿಯೇ ಸುಮ್ಮನಾದೆ.

ಟಿಟ್ವಾಳಾ ತಲುಪಿ ದೇವಸ್ಥಾನದ ರಸ್ತೆಗೆ ತಿರುಗಿದರೆ, ನಟ್ಟನಡುವೆ ಕೈ ಅಡ್ಡ ಹಿಡಿದು ಕಾಕಾ ನಿಂತಿದ್ದಾರೆ! ಲೋಕಲ್ ರೈಲು ಹಿಡಿದು ನಮಗಿಂತ ಮೊದಲೇ ಬಂದಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೈಚೀಲದಿಂದ ಸುತ್ತಿಗೆ ತೆಗೆದರು. ನನ್ನನ್ನು ಒಂದು ಮಾತೂ ಕೇಳದೆ ಕೊಕ್ಕೆಯ ಬಳಿ ಕೂತರು.

"ಕೇಳ ತಮ್ಮಾ" ಎಂದು ಕೊಕ್ಕೆಯ ಎಡಬದಿಗೆ ತಟ್ಟಿದರು. ಠಣ್ ಎಂದಿತು. ಬಲಬದಿಗೆ ತಟ್ಟಿದರು. ಢಬ್. ಒಡೆದ ಮಡಕೆಯ ಸದ್ದು.

ಪೇಂಟ್ ಕೆರೆದು ತೋರಿಸಿದರು. ಬೆಸುಗೆ ಮುಕ್ಕಾಲು ಪಾಲು ಬಿರುಕು ಬಿಟ್ಟಿತ್ತು. ಮೇಲೆ ಬಣ್ಣ ಬಳಿದು ಮುಚ್ಚಿದ್ದರು ಅಷ್ಟೇ. ಘಾಟಿನ ಏರಿನಲ್ಲಿ ಅದು ಕಿತ್ತುಕೊಂಡು ಕಾರನ್ನೂ ಎಳೆದಿದ್ದರೆ ಎಂದು ನೆನೆಯುತ್ತ ಬಗ್ಗಿ ಆ ಬಿರುಕಿನ ಮೇಲೆ ಬೆರಳಾಡಿಸಿದೆ. ಅಮ್ಮ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದರು.

"ವೆಲ್ಡರ್‌ನ ಕರಕೊಂಡು ಬಂದ್ರ ನೀವ ಇಲ್ಲ! ಕೆಂಪು ಕಟ್ಟಿದ್ನಲ್ಲೋ. ಯಾಕ ಬಿಚ್ಚಿದಿ?"

ಶೆಡ್ಡಿನಲ್ಲಿ ಡಬ್ಬಿಯ ಕೆಳಗೆ ನುಗ್ಗುವವನು ಕೆಂಪು ಬೋರ್ಡು ತೂಗುಹಾಕುತ್ತಾನಂತೆ. ಹಾಕಿದವನೇ ತೆಗೆಯಬೇಕು, ಸಾಹೇಬನೇ ಬಂದರೂ ಮುಟ್ಟುವಂತಿಲ್ಲ. ಸುಣ್ಣದಕಡ್ಡಿಯ ಗುರುತು ಇದ್ದಲ್ಲಿ ದೋಷ ಇದೆ ಎಂದರ್ಥ. ಇಷ್ಟು ಗೊತ್ತಿಲ್ಲದವರೂ ಜಗತ್ತಿನಲ್ಲಿ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಬೆಲ್ ಒತ್ತಿ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಕೆಂಪು ಕಟ್ಟಿದ ಮೇಲೆ ಮಾತೇಕೆ ಎಂಬುದು ಅವರ ಲೆಕ್ಕ.

"ಮತ್ತೆ ಅರ್ಜಿ?" ಎಂದು ಕೇಳಿಯೇಬಿಟ್ಟೆ.

"ನಾನ ಕೊಟ್ಟಿದ್ದು. ನೀರಿನ ಟಾಕಿ ಮುಚ್ಚಳದ ಮ್ಯಾಲ ನಿಲ್ಲಿಸಿದ್ದಿ. ಫೋನ್ ಯಾಕ ಎತ್ತಲಿಲ್ಲ?"

"ಸೈಲೆಂಟ್ ಇತ್ತು ಕಾಕಾ."

ಎಡಗಣ್ಣು ಮುಚ್ಚಿ ಆ ಮಾತನ್ನು ಕೇಳಿದರು. ಹತ್ತಿರದ ಗ್ಯಾರೇಜಿನಿಂದ ವೆಲ್ಡರ್‌ನನ್ನು ಕರೆತಂದು, ಪಕ್ಕದಲ್ಲೇ ಕೂತು ಬೆಸುಗೆ ಹಾಕಿಸಿ, ನಾಲ್ಕು ಸಲ ತಟ್ಟಿ ನೋಡಿ, "ಈಗ ಹೋಗ್ರಿ" ಎಂದರು. ನಮ್ಮ ಜೊತೆ ಬನ್ನಿ ಎಂದು ಅಮ್ಮ ಕೈಮುಗಿದು ಕರೆದರು. "ಒಣಾ ಬಯಲು ನೋಡಾಕ ಯಾಕ ಅಷ್ಟು ದೂರ?" ಎಂದು ನಕ್ಕು ಸ್ಟೇಷನ್ ಕಡೆಗೆ ನಡೆದುಬಿಟ್ಟರು.

ಆಮೇಲೆ ಅವರ ಮನೆಗೆ ನಮ್ಮ ಮನೆಯಿಂದ ನೀರುದೋಸೆ ಹೋಗದ ಭಾನುವಾರವಿಲ್ಲ. ಆದರೂ ನಾನು ಹೇಳಿದ ಸುಳ್ಳು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು. ಕಾಯಿಲೆ ಬಿದ್ದ ಮೇಲೆ ಅವರು ಕಳವಾ ಎಂಬಲ್ಲಿದ್ದ ತಮ್ಮ ಮಗಳ ಮನೆಗೆ ಹೋದರು. ಅಲ್ಲಿಗೆ ಹೋಗಿ ಮಂಚದ ಪಕ್ಕ ಕೂತು ಹೇಳಿಬಿಟ್ಟೆ: "ಕಾಕಾ, ಅವತ್ತು ನಿಮ್ಮ ಫೋನ್ ನೋಡಿದ್ದೆ. ಬೇಕಂತಲೇ ಎತ್ತಲಿಲ್ಲ. ನಿಮ್ಮ ಮೇಲೆ ಅನುಮಾನ ಇತ್ತು."

"ಗೊತ್ತೈತಿ" ಎಂದರು. ತಮ್ಮ ಮಗಳು ಒಳಗಿದ್ದಾಳೆಯೇ ಎಂದು ನೋಡಿ, ದನಿ ತಗ್ಗಿಸಿದರು. "ನಾನೂ ಒಂದ ಹೇಳ್ತೀನಿ. ಶೆಡ್ಡಿನ್ಯಾಗ ನನ್ನ ಜೋಡಿ ಒಬ್ಬ ಇದ್ದ. ಬೋರ್ಡ್ ಹಾಕಿ ಡಬ್ಬಿ ಕೆಳಗ ಹೋಗಿದ್ದ. ಊಟಕ್ಕ ಹೋಗ್ಯಾನ, ಬೋರ್ಡ್ ಮರತಾನ ಅಂತ ತಿಳದು ನಾನ ತಗದೆ. ಗಾಡಿ ಸರೀತು. ಅವನ ಕಡೆ ಓಡಾಕ ಟೈಮ್ ಸಿಗಲಿಲ್ಲ ತಮ್ಮಾ. ಅವ ಉಳೀಲಿಲ್ಲ."

ಅವರ ಕೈ ಹಿಡಿದುಕೊಂಡೆ.

"ನೀ ಫೋನ್ ಎತ್ತಲಿಲ್ಲ, ಛಲೋ ಆತು" ಎಂದರು. "ಎತ್ತಿದ್ರ ಬಾಯಿಲೆ ಹೇಳಿ ಸುಮ್ನಾಗ್ತಿದ್ದೆ. ನಿನ್ನ ಹಿಂದ ಓಡೋದಾತು. ಈ ಸಲ ಟೈಮ್ ಸಿಕ್ತು."

ಹದಿನೈದು ದಿನಕ್ಕೆ ಹೋಗಿಬಿಟ್ಟರು. ಆ ಮಾತನ್ನು ಇದುವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಈಗ ನನ್ನ ಫೋನಿಗೆ ಯಾರದೇ ಕರೆ ಬರಲಿ, ಎತ್ತುತ್ತೇನೆ. ಲೋನ್ ಬೇಕಾ, ಫ್ಲ್ಯಾಟ್ ಬೇಕಾ ಎಂದು ಪೀಡಿಸುವವರದನ್ನೂ ಎತ್ತುತ್ತೀರಲ್ಲ ಎಂದು ಹೆಂಡತಿ ಬೈಯುತ್ತಾಳೆ. ಬೈಯಲಿ, ಎತ್ತುತ್ತೇನೆ.