ಖವಾ ಕಡಿಮೆ ಇಳಿದ ದಿನಗಳು

ಹತ್ತು ಲೀಟರ್ ಎಮ್ಮೆ ಹಾಲು ಕಾಯಿಸಿ ಬತ್ತಿಸಿದರೆ ಎರಡು ಕಿಲೋ ಖವಾ ಇಳಿಯಬೇಕು. ಇಬ್ರಾಹಿಂಪುರದಲ್ಲಿ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನೂ ಪಕ್ಕದ ಮನೆಯ, ನನಗೆ ಅಕ್ಕನಂತಿದ್ದ ಆಪಾನೂ ಇದೇ ನಂಬಿಕೆಯ ಮೇಲೆ ಕಡಾಯಿ ಇಟ್ಟಿದ್ದೆವು. ಮಾಡಿದ್ದನ್ನು ಊರಿನ ಪೇಢೆ ಅಂಗಡಿಯೊಂದಕ್ಕೆ ಕೊಡುತ್ತಿದ್ದೆವು. ಆ ಚಳಿಗಾಲ ಒಂದು ದಿನ ತೂಗಿದಾಗ ಹತ್ತು ಲೀಟರಿಗೆ ಕಾಲು ಕಿಲೋ ಕಡಿಮೆ ಬಂತು. ಮರುದಿನವೂ ಅಷ್ಟೇ.

ಹೇಳಲು ನಾಚಿಕೆಯಾಗುತ್ತದೆ, ಮೊದಲು ನನ್ನ ಕಣ್ಣು ಹೋದದ್ದು ಆಪಾನ ಮೇಲೆ. ನಾನು ಸ್ನಾನಕ್ಕೆ ಎದ್ದಾಗ ಕಡಾಯಿಯ ಮುಂದೆ ಇರುತ್ತಿದ್ದವಳು ಅವಳೊಬ್ಬಳೇ. ಅವಳ ಮನೆಗೆ ಬೇರೆ ನೆಂಟರು ಬಂದಿದ್ದರು, ಅವರಿಗೆಂದು ಒಯ್ದಿರಬಹುದೇ ಎನಿಸಿತು. ಎರಡು ದಿನ ನಾನು ಒಲೆ ಬಿಟ್ಟು ಕದಲಲಿಲ್ಲ. ತೂಕ ಹೆಚ್ಚಲಿಲ್ಲ.

ಉಳಿದವನು ಸಾರವಾಡದಿಂದ ಬೈಕಿನಲ್ಲಿ ಹಾಲು ತರುತ್ತಿದ್ದ ಕಾಕಾ. ನೀರು ಬೆರೆತಿದೆಯೇ ಎಂದು ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿದೆ, ಸರಿಯಾಗೇ ನಿಂತಿತು. ನೀರು ಹಾಕಿ ಸಕ್ಕರೆ ಬೆರೆಸಿದರೆ ಅದೂ ಮೋಸ ಹೋಗುತ್ತದೆ ಎಂದು ಕೇಳಿದ್ದೆ. ಆಮೇಲೆ ಅವನು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಕೊನೆಗೆ ಒಂದು ದಿನ ಯಾರಿಗೂ ಹೇಳದೆ ಬಬಲೇಶ್ವರದ ಮೊದಲ ಬಸ್ಸು ಹತ್ತಿ ಸಾರವಾಡದಲ್ಲಿ ಇಳಿದೆ.

ಕಾಕಾ ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದ. ತಲೆ ಎತ್ತಿ, "ಬಾ ತಂಗಿ. ನೀರ ಎಲ್ಲಿ ಹಾಕ್ತೀನಿ ನೋಡಾಕ ಬಂದಿ, ಹೌದಿಲ್ಲ?" ಎಂದ.

"ಇಲ್ಲ ಕಾಕಾ, ಇಲ್ಲೇ ಬೀಗರ ಮನಿಗೆ ಬಂದಿದ್ದೆ."

ಅವನು ಹಿಂಡಲು ಕೂತ. ಹಿಂಡಿದ್ದನ್ನೆಲ್ಲ ನನ್ನೆದುರೇ ಕ್ಯಾನಿಗೆ ಸುರಿದ. ಹನಿ ನೀರಿಲ್ಲ. ನಾನು ಸಣ್ಣವಳಾಗಿ ನಿಂತಿದ್ದೆ. ಅಷ್ಟರಲ್ಲಿ ಅವನ ಸೊಸೆ ಹಿತ್ತಲಿನಿಂದ ಇನ್ನೊಂದು ಬಕೆಟ್ ತಂದು ಅದೇ ಕ್ಯಾನಿಗೆ ಸುರಿದಳು. ಆ ಹಾಲಿಗೆ ತುಸು ಹಳದಿ ಛಾಯೆ ಇತ್ತು.

"ಇದ್ಯಾವ ಹಾಲ ಕಾಕಾ?"

"ಜರ್ಸಿ ಆಕಳದ್ದು. ಎರಡು ಎಮ್ಮಿ ಗಬ್ಬ ಅದಾವ, ಹಾಲ ನಿಂತೈತಿ. ಒಂದ ಲೀಟರ್ ಕಮ್ಮಿ ಆದ್ರೂ ಬ್ಯಾರೆಯವರ್ನ ನೋಡ್ತೀನಿ ಅಂದಾಕಿ ನೀನ. ನಾ ಏನ ಮಾಡ್ಲಿ? ನೀರಂತೂ ಹಾಕಿಲ್ಲ."

"ರೇಟ ಮಾತ್ರ ಎಮ್ಮಿ ಹಾಲಿಂದ ತೊಗೊಂಡಿ."

"ಆಕಳ ಹಾಲ ಅಂದಿದ್ರ ನೀ ಎಷ್ಟ ಕೊಡ್ತಿದ್ದಿ, ಹೇಳು?"

ಆಕಳ ಹಾಲು ಬೆರೆತಿದೆ ಎಂಬ ನೆಪದಲ್ಲಿ ಕ್ಯಾನಿನ ಅಷ್ಟೂ ಹಾಲಿನ ದರ ಇಳಿಸುತ್ತಿದ್ದೆ ಎಂಬುದು ನನಗೂ ಗೊತ್ತಿತ್ತು, ಅವನಿಗೂ.

ಮನೆಗೆ ಬಂದು ಆಪಾನಿಗೆ ಎಲ್ಲ ಹೇಳಿದೆ, ಅವಳನ್ನು ಕಾದು ಕೂತದ್ದನ್ನೂ. ಅವಳು ಖವಾ ತಿರುವುವ ಖುಂಟಿ ಆಡಿಸುತ್ತಲೇ ಹೇಳಿದಳು: "ನೀ ನನ್ನ ಕಾಯೂದು ನನಗ ತಿಳಿದಿತ್ತು. ನಾನೂ ನೀ ಅಂಗಡಿಗೆ ಒಯ್ಯೂಕಿಂತ ಮೊದಲ ಒಮ್ಮೆ ತೂಗಿ ನೋಡ್ತಿದ್ದೆ." ಕಡಾಯಿಯ ತಳ ಹತ್ತುವ ವಾಸನೆ ಬಂದಾಗ ಅವಳೇ ಬೆಂಕಿ ಸಣ್ಣದು ಮಾಡಿದಳು.

ಮುಂದಿನ ವಾರ ಕಾಕಾ ಬರಲಿಲ್ಲ. ಫೋನು ಹಚ್ಚಿದರೆ, "ಊರಾಗಿನ ಹಾಲಿನ ಸಂಘಕ್ಕ ಹಾಕಾಕತ್ತೀನಿ ತಂಗಿ. ಅಲ್ಲಿ ಫ್ಯಾಟ್ ನೋಡಿ ರೇಟ ಕೊಡ್ತಾರ. ನಿನ್ನಷ್ಟ ಸಿಗೂದಿಲ್ಲ. ಆದ್ರ ಮಷೀನ ಎಲ್ಲಾರ ಹಾಲನ್ನೂ ನೋಡತೈತಿ, ನನ್ನೊಬ್ಬನ್ದ ಅಲ್ಲ" ಎಂದ.

ಈಗ ಘೋಣಸಗಿಯ ಒಬ್ಬ ಹೆಣ್ಣುಮಗಳು ಹಾಲು ಕಳಿಸುತ್ತಾಳೆ. ಎಮ್ಮೆಯದು ಒಂದು ಕ್ಯಾನು, ಆಕಳದ್ದು ಇನ್ನೊಂದು, ದರವೂ ಬೇರೆ ಬೇರೆ. ಹಾಲು ಕಡಿಮೆಯಾದ ದಿನ ಕಡಿಮೆ ಎಂದೇ ಹೇಳುತ್ತಾಳೆ. ಖವಾ ಸರಿಯಾಗಿ ಇಳಿಯುತ್ತಿದೆ. ತೂಗುವಾಗ ಮಾತ್ರ ನಾನೂ ಆಪಾನೂ ಇಬ್ಬರೂ ತಕ್ಕಡಿಯ ಹತ್ತಿರ ನಿಲ್ಲುತ್ತೇವೆ.