ತಮ್ಮನಿಗೆ ಕುಡಿಸಿದ ಪಾಕ

ಆಗೆಲ್ಲ ಸಂಕ್ರಾಂತಿ ಕಳೆದರೆ ಸಾಕು, ನಮ್ಮ ಅರಕೆರೆಯ ಗಾಳಿಗೇ ಬೆಲ್ಲದ ವಾಸನೆ. ಹೊಲದಾಚೆಯ ಆಲೆಮನೆಗೆ ಯಾರೇ ಹೋಗಲಿ, ಒಂದು ಲೋಟ ಕಬ್ಬಿನ ಹಾಲು, ಅಂಗೈಗೊಂದಿಷ್ಟು ಬಿಸಿಬೆಲ್ಲ ಕೊಡದೆ ಕಳಿಸುತ್ತಿರಲಿಲ್ಲ. ಜ್ವರ ಬಿಟ್ಟು ಎದ್ದವರಿಗೂ ಬಡಕಲು ಕರುವಿಗೂ ಕೊಪ್ಪರಿಗೆಯ ಪಾಕವೇ ಶಕ್ತಿಯ ಮದ್ದು. ನಾನೂ ನಂಬಿದ್ದೆ. ಏಳನೇ ಕ್ಲಾಸಿನ ಹುಡುಗಿ, ನಂಬದೆ ಇನ್ನೇನು ಮಾಡಲಿ?

ಆ ಸಲ ಅವ್ವ ಚಿಕ್ಕಮ್ಮನ ಬಾಣಂತನಕ್ಕೆಂದು ಪಾಂಡವಪುರಕ್ಕೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಅಜ್ಜಿ, ನಾನು, ಮೂರು ವರ್ಷದ ತಮ್ಮ ಪುಟ್ಟು. ಒಂದು ಬೆಳಿಗ್ಗೆ ಅವನಿಗೆ ಭೇದಿ ಹಿಡಿಯಿತು. ಅಪ್ಪ ಓಆರ್‌ಎಸ್ ಪೊಟ್ಟಣ ತಂದು ನನ್ನ ಕೈಗಿಟ್ಟ.

"ಒಂದ್ ಲೀಟರ್ ನೀರಿಗೆ ಕಲಸಿ ಚೂರ್‌ಚೂರೇ ಕುಡುಸ್ತಾ ಇರವ್ವ. ಕಬ್ಬು ಕಡಿಯಾಕೆ ಆಳು ಬಂದವ್ರೆ, ಓಗಿ ಬಂದ್ಬುಡ್ತೀನಿ."

ಅಜ್ಜಿ ಕೊಟ್ಟಿಗೆಯಲ್ಲಿ ಹಸು ನೋಡುತ್ತಿದ್ದಳು. ಪುಟ್ಟು ಒಂದು ಗುಟುಕು ಕುಡಿದು ನನ್ನ ಲಂಗದ ಮೇಲೇ ಉಗಿದ. "ಉಪ್ಪು, ಬ್ಯಾಡ" ಎಂದ. ಬೈದೆ, ಮುದ್ದು ಮಾಡಿದೆ, ಮೂಗು ಹಿಡಿದೆ. ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಆಲೆಮನೆಯಿಂದ ತಂದಿಟ್ಟಿದ್ದ ಪಾಕವನ್ನು ಆ ನೀರಿಗೆ ಧಾರಾಳವಾಗಿ ಸುರಿದೆ. ಈಗ ಚಪ್ಪರಿಸಿಕೊಂಡು ಕುಡಿದ, ಇನ್ನೂ ಬೇಕೆಂದ. ನನ್ನಂಥ ಜಾಣೆ ಯಾರೂ ಇಲ್ಲವೆಂದುಕೊಂಡು ಮತ್ತೆರಡು ಲೋಟ ಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಭೇದಿ ನೀರುನೀರಾಗಿ ಸುರಿಯತೊಡಗಿತು. ಪುಟ್ಟುವಿನ ಕಣ್ಣು ಗುಳಿಬಿದ್ದವು. ಅತ್ತರೂ ಕಣ್ಣೀರು ಬರಲಿಲ್ಲ. ಅಜ್ಜಿ ಅವನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಅದು ಹಾಗೇ ಎದ್ದು ನಿಂತಿತು. ಹೊಲದಿಂದ ಅಪ್ಪನನ್ನು ಕೂಗಿ ಕರೆದು, ಆಟೋ ಹಿಡಿದು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಹೊರಟೆವು.

ಆಟೋದಲ್ಲಿ ನನಗೆ ಹಿಂದಿನ ವಾರದ ವಿಜ್ಞಾನದ ಪಾಠ ನೆನಪಾಯಿತು. ಮೇಷ್ಟ್ರು ಒಣದ್ರಾಕ್ಷಿಯನ್ನು ನೀರಿಗೆ ಹಾಕಿದಾಗ ಅದು ಉಬ್ಬಿತ್ತು, ಸಕ್ಕರೆ ಪಾಕಕ್ಕೆ ಹಾಕಿದಾಗ ಮತ್ತೆ ಸೊರಗಿತ್ತು. ಗಟ್ಟಿ ಪಾಕವು ಪೊರೆಯ ಒಳಗಿನ ನೀರನ್ನು ಹೊರಗೆ ಸೆಳೆಯುತ್ತದೆ, ಇದೇ ಅಭಿಸರಣೆ ಎಂದಿದ್ದರು. ನಾನು ಅದನ್ನು ಮುದ್ದಾಗಿ ಬರೆದುಕೊಂಡಿದ್ದೆ. ಅಜ್ಜಿಯ ಮಡಿಲಲ್ಲಿ ಬಿದ್ದಿದ್ದ ತಮ್ಮ ಆ ದ್ರಾಕ್ಷಿಯಂತೆಯೇ ಸೊರಗಿದ್ದ. ಅವನು ಸತ್ತರೆ ಕೊಂದವಳು ನಾನೇ.

ಡ್ರಿಪ್ ಹಾಕುತ್ತಾ ನರ್ಸಮ್ಮ ಕೇಳಿದರು, "ಸಿಹಿ ಏನಾದ್ರೂ ಕುಡಿಸಿದ್ರಾ?"

ಅಪ್ಪ ನನ್ನ ಕಡೆ ತಿರುಗಿದ. ನಾನು ಬಗ್ಗಿ ಪುಟ್ಟುವಿನ ಕಾಲು ಒತ್ತತೊಡಗಿದೆ.

"ನಾನೇ ಕನಪ್ಪ, ವಸಿ ಪಾಕ ಬೆರೆಸ್ಬುಟ್ಟೆ," ಎಂದಳು ಅಜ್ಜಿ. ಲೋಟದ ತಳದಲ್ಲಿ ಅಂಟಿದ್ದ ಪಾಕವನ್ನು ಅವಳು ನೋಡಿದ್ದಳು.

"ಉಪ್ಪು ಸಕ್ಕರೆ ಅಳತೇಲಿದ್ರೆ ಎರಡೂ ಜೊತೆಗೇ ಕರುಳಿನ ಪೊರೆ ದಾಟ್ತವೆ ಕಣಜ್ಜಿ, ಅವುಗಳ ಹಿಂದೆ ನೀರೂ ಹೋಗ್ತದೆ," ಎಂದರು ನರ್ಸಮ್ಮ. "ಸಿಹಿ ಜಾಸ್ತಿಯಾದ್ರೆ ಮೈಯಲ್ಲಿರೋ ನೀರೇ ಕರುಳಿಗೆ ಇಳಿದುಬಿಡ್ತದೆ."

ಅಪ್ಪ ಅಷ್ಟು ಜನರೆದುರಿಗೆ ಅಜ್ಜಿಯನ್ನು ಬಾಯಿಗೆ ಬಂದಂತೆ ಬೈದ. ಅವಳು ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ನಾನು ಗೋಡೆ ನೋಡುತ್ತಿದ್ದೆ.

ಮಧ್ಯಾಹ್ನದಿಂದ ಒಂದು ಹನಿಯೂ ಹೊಯ್ಯದಿದ್ದ ಪುಟ್ಟು ಸಂಜೆ ಉಚ್ಚೆ ಹೊಯ್ದ. ಅದನ್ನು ಕಂಡು ಅಪ್ಪ ಅತ್ತುಬಿಟ್ಟ.

ಅವ್ವ ಊರಿಗೆ ಬಂದವಳು ಅಜ್ಜಿಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಆಮೇಲೆ ಪುಟ್ಟುವಿಗೆ ಅವಳ ಕೈಯಿಂದ ಏನನ್ನೂ ತಿನ್ನಗೊಡಲಿಲ್ಲ. ಉಂಡೆ ಕಟ್ಟಿ ಹಿಡಿದ ಮುದ್ದೆ ಎಷ್ಟೋ ಸಲ ಅಜ್ಜಿಯ ಕೈಯಲ್ಲೇ ಆರಿಹೋಯಿತು.

ಈಗ ನಾನು ಅದೇ ಪಾಠವನ್ನು ಮಕ್ಕಳಿಗೆ ಹೇಳಿಕೊಡುತ್ತೇನೆ. ಅಜ್ಜಿ ಹೋಗಿ ಆರು ವರ್ಷವಾಯಿತು. ಅವಳ ಕೈತುತ್ತು ಪುಟ್ಟುವಿಗೆ ನೆನಪಿಲ್ಲ, ಮೂರು ವರ್ಷದ ಮೇಲೆ ತಿಂದಿದ್ದರಲ್ಲವೇ ನೆನಪಿರುವುದು. ಇಬ್ಬರಿಂದಲೂ ಅದನ್ನು ಕಿತ್ತುಕೊಂಡವಳು ನಾನು, ಮತ್ತು ಅವನಿಗೆ ಅದನ್ನು ಹೇಳಲು ನನಗೆ ಈಗಲೂ ಭಯ.