ಇಬ್ಬರು ಪೊಲೀಸರ ಎರಡನೇ ಪಿಕ್ಚರ್

ಒಳ್ಳೆಯ ಪಿಕ್ಚರೊಂದರ ಎರಡನೇ ಭಾಗ ಬಂದಿದೆ ಎಂದು ಗೋಡೆಯ ಮೇಲೆ ಪೋಸ್ಟರ್ ಕಂಡರೆ ನನಗೆ ಖುಷಿಗಿಂತ ಮೊದಲು ಸಣ್ಣದೊಂದು ಕಳವಳ ಏಳುತ್ತದೆ. ಬಹಳ ವರ್ಷ ಕಾಣದ ಸ್ನೇಹಿತ ನಾಳೆ ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದಾಗ ಆಗುವಂಥದು. ಬರಲಿ ಅನ್ನಿಸುತ್ತದೆ. ಬಂದರೆ ಏನು ಮಾತಾಡುವುದಪ್ಪಾ ಅಂತಲೂ ಅನ್ನಿಸುತ್ತದೆ.

ಹೊಡೆದಾಟದ ಪಿಕ್ಚರುಗಳಲ್ಲಿ ಒಂಟಿ ವೀರ ನನಗೆ ಸೇರುವುದಿಲ್ಲ. ಜೋಡಿ ಬೇಕು. ಒಬ್ಬ ನುಗ್ಗುವವನು, ಇನ್ನೊಬ್ಬ ಅಂಗಿ ಹಿಡಿದು ಹಿಂದಕ್ಕೆ ಎಳೆಯುವವನು. ತಲೆಯ ಮೇಲೆ ಗುಂಡು ಹಾರುತ್ತಿರುವಾಗಲೂ ನಿನ್ನೆಯ ಊಟದ ಬಗ್ಗೆ ಜಗಳ ಆಡುವವರು. ಇಂಥ ಜೋಡಿಯ ಎರಡನೇ ಪಿಕ್ಚರ್ ಮೊದಲನೆಯದರಷ್ಟು ಚೆನ್ನಾಗಿರುವುದಿಲ್ಲ ಎಂಬುದು ಎಲ್ಲ ಊರುಗಳ ಟೀ ಅಂಗಡಿಗಳಲ್ಲಿ ಇತ್ಯರ್ಥವಾಗಿರುವ ಮಾತು. ಕನ್ನಡ ಮಾಸ್ತರನಾಗಿ ನನಗೊಂದು ತಕರಾರಿದೆ. ನಮ್ಮ ಭಾಷೆಯಲ್ಲಿ ದ್ವಿರುಕ್ತಿ ಎಂಬುದೊಂದುಂಟು. ‘ಬಿಸಿಬಿಸಿ’ ಎನ್ನುವಾಗ ಮೊದಲನೆಯ ಬಿಸಿ ಬರಿಯ ಸುದ್ದಿ. ನಾಲಗೆ ಸುಡುವುದು ಎರಡನೆಯದು. ಆದರೆ ಅದೇ ಮಾಸ್ತರನಿಗೆ ಇದೂ ಗೊತ್ತು: ಗುಡಿಯಲ್ಲಿ ಪುರಾಣ ಓದಿಸಲು ಹಚ್ಚಿದಾಗ ಮದುವೆ ಪ್ರಸಂಗಕ್ಕೆ ಕಿಕ್ಕಿರಿದು ಕೂತ ಜನ ವನವಾಸದ ಹೊತ್ತಿಗೆ ಅರ್ಧ ಖಾಲಿಯಾಗಿರುತ್ತಾರೆ.

ಮೊದಲನೇ ಪಿಕ್ಚರನ್ನು ನಾನು ನೋಡಿದ್ದು ಕೊಟ್ಟೂರಿನಲ್ಲಿ, ಕಾಲೇಜು ಓದುವಾಗ, ಗೆಳೆಯ ಕೊಟ್ರೇಶಿಯ ಪಕ್ಕದಲ್ಲಿ ಕೂತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಪಿಕ್ಚರ್ ಇಂಗ್ಲಿಷಿನವರದು, ಮಾತು ಹಿಂದಿಯದು, ನೋಡುವವರು ನಾವು. ಇಬ್ಬರು ಪೊಲೀಸರು, ಒಬ್ಬ ಉದ್ದ, ಒಬ್ಬ ಕುಳ್ಳ. ಒಂದೇ ಕಾರಿನಲ್ಲಿ ಕೂತು ಕಳ್ಳರನ್ನು ಅಟ್ಟುವುದಕ್ಕಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಅಟ್ಟಿಕೊಳ್ಳುತ್ತಿದ್ದರು. ನನಗೆ ಆಗ ಹಿಂದಿ ಬರುತ್ತಿರಲಿಲ್ಲ. ಕೊಟ್ರೇಶಿ ಬೆಳೆದ ಓಣಿಯಲ್ಲಿ ಉರ್ದು ಮಾತಾಡುವ ಮನೆಗಳೇ ಹೆಚ್ಚು, ಅವನಿಗೆ ಎಲ್ಲ ತಿಳಿಯುತ್ತಿತ್ತು. ಪ್ರತಿ ಮಾತನ್ನೂ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದ. ನಾನು ನಕ್ಕು ನಕ್ಕು ಕಣ್ಣೀರು ಹಾಕಿದೆ. ಆಮೇಲೆ ಗೊತ್ತಾಯಿತು, ನಾನು ನಕ್ಕ ಮಾತುಗಳಲ್ಲಿ ಅರ್ಧ ಆ ಪಿಕ್ಚರಿನಲ್ಲಿ ಇರಲೇ ಇಲ್ಲ.

ನಾನು ಮಾಸ್ತರನಾಗಿ ಹರಪನಹಳ್ಳಿ ಸೇರಿದೆ. ಅವನು ಕೊಟ್ಟೂರಿನಲ್ಲೇ ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟ. ನಮ್ಮ ಸ್ನೇಹ ಮುರಿದದ್ದು ನನ್ನ ಮದುವೆಯ ಊಟದ ಪಂಕ್ತಿಯಲ್ಲಿ. ನಾನು ಮೊದಲ ದಿನ ಪಾಠ ಮಾಡಿದಾಗ ಧ್ವನಿ ನಡುಗಿದ್ದನ್ನು ಅವನು ಬೀಗರ ಎದುರಿಗೆ ಅಭಿನಯಿಸಿ ತೋರಿಸಿದ. ಬೀಗರು ಹೊಟ್ಟೆ ಹಿಡಿದು ನಕ್ಕರು. ನಾನು ಎದ್ದು ಒಂದು ಮಾತಂದೆ, ಅವನು ಎದ್ದು ಎರಡಂದ, ಹೋಳಿಗೆ ಎಲೆಯಲ್ಲೇ ಉಳಿಯಿತು. ತಪ್ಪು ಯಾರದೆಂಬುದರ ಬಗ್ಗೆ ಈವತ್ತಿಗೂ ನಮ್ಮಲ್ಲಿ ಒಮ್ಮತವಿಲ್ಲ. ಆಮೇಲೆ ವರ್ಷಗಟ್ಟಲೆ ಮಾತಿಲ್ಲ. ಸಂತೆಯಲ್ಲಿ ಎದುರಾದರೆ ಇಬ್ಬರಿಗೂ ಒಮ್ಮೆಲೇ ಬದನೆಕಾಯಿಯ ಮೇಲೆ ವಿಪರೀತ ಆಸಕ್ತಿ ಹುಟ್ಟುತ್ತಿತ್ತು.

ಹೀಗಿರುವಾಗ ಅದೇ ಇಬ್ಬರು ಪೊಲೀಸರ ಎರಡನೇ ಪಿಕ್ಚರ್ ಹರಪನಹಳ್ಳಿಗೆ ಬಂತು. ರವಿವಾರ ಮಧ್ಯಾಹ್ನದ ಆಟಕ್ಕೆ ಒಬ್ಬನೇ ಹೋದೆ. ಅಷ್ಟು ಹೊತ್ತಿಗೆ ನನಗೂ ಹಿಂದಿ ಬರುತ್ತಿತ್ತು. ಎಲ್ಲ ತಿಳಿಯುತ್ತಿತ್ತು, ಯಾವುದಕ್ಕೂ ನಗು ಬರುತ್ತಿರಲಿಲ್ಲ. ಕಾರುಗಳು ಮೊದಲಿಗಿಂತ ಹೆಚ್ಚು ಉರಿದವು, ಮೊದಲಿಗಿಂತ ಎತ್ತರದ ಕಟ್ಟಡಗಳು ಬಿದ್ದವು. ಮೊದಲ ಭಾಗದಲ್ಲಿ ಸ್ನೇಹಿತರಾಗಿ ಮುಗಿದವರನ್ನು ಎರಡನೆಯದರಲ್ಲಿ ಮತ್ತೆ ಜಗಳಕ್ಕೆ ಹಚ್ಚಬೇಕಲ್ಲ, ಕಥೆ ಬರೆದವನು ತಿಣುಕಾಡುತ್ತಿದ್ದ. ನನ್ನನ್ನು ಕೇಳಿದ್ದರೆ ಹೋಳಿಗೆಯ ಕಾರಣ ಕೊಡುತ್ತಿದ್ದೆ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಿಂದ ನಗು ಕೇಳಿತು. ಆ ನಗುವನ್ನು ಕತ್ತಲಲ್ಲೂ ಗುರುತಿಸಬಲ್ಲೆ. ಕೊಟ್ರೇಶಿ.

ಮಧ್ಯಂತರದಲ್ಲಿ ಮಂಡಕ್ಕಿ ಮಿರ್ಚಿ ಗಾಡಿಯ ಆಚೆ ಅವನು, ಈಚೆ ನಾನು. ಅವನು ಮಿರ್ಚಿಯನ್ನು ನೋಡಿದ, ನಾನು ಮಂಡಕ್ಕಿಯನ್ನು ನೋಡಿದೆ. ಬೆಲ್ ಹೊಡೆದಾಗ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋದೆವು.

ಕುಳ್ಳ ಪೊಲೀಸ ಸೇತುವೆಯ ಮೇಲಿಂದ ಹಾರುವ ಹೊತ್ತು. ಪರದೆ ಒಮ್ಮೆ ಮಸುಕಾಯಿತು. ಗಾಜಿನ ಮೇಲೆ ಮಸಿಯಲ್ಲಿ ಅವಸರದಿಂದ ಗೀಚಿದ ಸ್ಲೈಡೊಂದು ಓರೆಯಾಗಿ ಕಾಣಿಸಿತು: ‘ಕೊಟ್ಟೂರು ವೈಂಡಿಂಗ್ ಕೊಟ್ರೇಶಿ, ತಕ್ಷಣ ಹೊರಗೆ ಬರಬೇಕು.’

ಅಂಥ ಸ್ಲೈಡು ಒಳ್ಳೆಯ ಸುದ್ದಿಗೆ ಬರುವುದಿಲ್ಲವೆಂದು ಟಾಕೀಸಿನಲ್ಲಿದ್ದ ಎಲ್ಲರಿಗೂ ಗೊತ್ತು. ಅವನು ಏಳುತ್ತಾನೆಂದು ಕಾದೆ. ಏಳಲಿಲ್ಲ. ತನ್ನ ಹೆಸರನ್ನೇ ಓದಲು ಬಾರದವನಂತೆ ಪರದೆಯನ್ನು ನೋಡುತ್ತಾ ಕೂತಿದ್ದ. ನಾನು ಸಾಲು ದಾಟಿ ಹೋಗಿ ಅವನ ರಟ್ಟೆ ಹಿಡಿದು ಎಬ್ಬಿಸಿದೆ.

ಹೊರಗೆ ಮ್ಯಾನೇಜರು ನಿಂತಿದ್ದರು. “ಕೊಟ್ಟೂರಿಂದ ಫೋನ್ ಬಂದಿತ್ರಿ. ನಿಮ್ಮ ಮನಿಯವ್ರಿಗೆ ಭಾಳ ರಕ್ತ ಹೋಗಾಕತ್ತೈತಂತ. ಡಾಕ್ಟ್ರು ದಾವಣಗೆರಿಗೆ ಒಯ್ರಿ ಅಂದಾರಂತ. ಜೀಪಿನಾಗ ಹೊಂಟಾರ. ನೀವು ರಸ್ತಿ ಮ್ಯಾಲ ನಿಂತಿರಬೇಕಂತ.”

ಕೊಟ್ರೇಶಿಯ ಹೆಂಡತಿ ಅನ್ನಪೂರ್ಣ ಎರಡನೇ ಬಸುರಿ. ದಿನ ತುಂಬಿರಲಿಲ್ಲ. ಮೊದಲ ಹೆರಿಗೆ ಸಲೀಸಾಗಿತ್ತು, ಎರಡನೆಯದಕ್ಕೆ ಹೆದರುವಂಥದ್ದೇನಿಲ್ಲ ಎಂದು ಎಲ್ಲರೂ ಧೈರ್ಯ ಹೇಳಿದ್ದರಂತೆ. ತಾಮ್ರದ ತಂತಿ ತರುತ್ತೇನೆಂದು ಹೇಳಿ ಇವನು ಹರಪನಹಳ್ಳಿಗೆ ಬಂದಿದ್ದ. ಫೋನ್ ಮಾಡಲು ಓಡಿದವರಿಗೆ ಅವಳೇ ನೋವಿನಲ್ಲೂ ಹೇಳಿದ್ದಳಂತೆ: “ತಂತಿ ಅಂಗಡಿಗೆ ಮಾಡಬ್ಯಾಡ್ರಿ, ಟಾಕೀಸಿಗೆ ಮಾಡ್ರಿ.”

ಟಾಕೀಸಿನ ಮುಂದೆ ನಿಲ್ಲಿಸಿದ್ದ ನನ್ನ ಬೈಕು ತಳ್ಳಿಕೊಂಡು ಕೊಟ್ಟೂರಿನ ರಸ್ತೆಗೆ ಬಂದು ನಿಂತೆವು. ಲಾರಿ ಬಂತು, ಎತ್ತಿನ ಗಾಡಿ ಬಂತು, ಜೀಪು ಬರಲಿಲ್ಲ. ಕೊಟ್ರೇಶಿ ರಸ್ತೆಯ ತಿರುವನ್ನೇ ನೋಡುತ್ತಿದ್ದ. ಬರಬೇಕಾದ ಹೊತ್ತು ಮೀರಿದ್ದು ಇಬ್ಬರಿಗೂ ಗೊತ್ತಿತ್ತು. ನಾನು ಬೈಕು ಹೊರಳಿಸಿದೆ. “ಹತ್ತು,” ಅಂದೆ. ಅವನು ಹತ್ತಿದ.

ನನ್ನ ಬೈಕು ಓಡಿಸುವಿಕೆಯ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ಹೆಂಡತಿ ಹಿಂದೆ ಕೂತು ಸೊಪ್ಪು ಸೋಸಿ ಮುಗಿಸಬಹುದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆನ್ನಿನ ಹಿಂದಿನಿಂದ, ಎಷ್ಟೋ ವರ್ಷಗಳ ಮೇಲೆ, ಆ ಧ್ವನಿ ಕೇಳಿತು.

“ಗೇರ್ ಬದ್ಲಿ ಮಾಡಲೇ ಮಾಸ್ತರ! ಎಮ್ಮಿ ಹೊಡಕೊಂಡು ಹೊಂಟೀಯೇನು?”

“ನೀನ ಹೊಡೀತೀಯೇನು ಹಂಗಾರ?”

“ನನ್ನ ಕೈ ನಡುಗಾಕತ್ಯಾವು,” ಅಂದ. ಆಮೇಲೆ ಬೈಯಲಿಲ್ಲ. ನಾನು ಜೀವಮಾನದಲ್ಲಿ ಹೋಗದಷ್ಟು ಜೋರಾಗಿ ಹೋದೆ.

ಜೀಪು ಜೋಳದ ಹೊಲವೊಂದರ ಬದಿಗೆ ವಾಲಿಕೊಂಡು ನಿಂತಿತ್ತು. ಟೈರು ಸಿಡಿದಿತ್ತು. ಸ್ಟೆಪ್ನಿ ಬಿಚ್ಚಿ ನೋಡಿದರೆ ಅದರಲ್ಲೂ ಗಾಳಿಯಿಲ್ಲ. ಹಿಂದಿನ ಸೀಟಿನಲ್ಲಿ ಅನ್ನಪೂರ್ಣ ತಾಯಿ ನೀಲಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. “ನಿದ್ದಿ ಹೋಗಗೊಡಬ್ಯಾಡ ಅಂದಾರಪ್ಪ ಡಾಕ್ಟ್ರು, ಕಣ್ಣು ಮುಚ್ಚಾಕತ್ತಾಳ,” ಎಂದು ನೀಲಮ್ಮ ಅತ್ತರು. ಅನ್ನಪೂರ್ಣ ಕಣ್ಣು ತೆರೆದು ಗಂಡನನ್ನು ನೋಡಿದಳು. ಅವನ ಪಕ್ಕದಲ್ಲಿ ನನ್ನನ್ನು ನೋಡಿದಳು. “ಅಣ್ಣಾ, ನೀವಿಬ್ರೂ ಮಾತಾಡಾಕತ್ತೀರೇನು?” ಅಂದಳು.

ಆಗ ದೂರದಲ್ಲಿ ದಾವಣಗೆರೆಗೆ ಹೋಗುವ ಸರ್ಕಾರಿ ಬಸ್ಸು ಕಾಣಿಸಿತು. ಕೈ ಮಾಡಿದರೆ ನಿಲ್ಲುತ್ತದೋ ಇಲ್ಲವೋ ಎಂದು ಯೋಚಿಸುತ್ತಾ ಕೂರುವ ಸ್ವಭಾವ ನನ್ನದು. ಆವತ್ತು ಯೋಚಿಸಲಿಲ್ಲ. ಬೈಕನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಅದರ ಮುಂದೆ ನಿಂತೆ. ಬಸ್ಸು ಹಾರನ್ ಹೊಡೆಯುತ್ತಾ ಬಂತು, ಬಂತು, ಬಂದೇ ಬಂತು. ಬ್ರೇಕಿನ ಸದ್ದಿಗೆ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೂಗಿನೆದುರಿಗೆ ಬಂಪರು ಇತ್ತು.

“ಸಾಯಾಕ ನನ್ನ ಗಾಡಿನ ಬೇಕಾತೇನಲೇ!” ಎಂದು ಡ್ರೈವರು ಇಳಿದ. ಜೀಪಿನೊಳಗೆ ಇಣುಕಿ ನೋಡಿದವನೇ ಬೈಗುಳವನ್ನು ಅರ್ಧಕ್ಕೆ ಬಿಟ್ಟ. ತಿರುಗಿ ಬಸ್ಸು ಹತ್ತಿ ಜನರಿಗೆ ಹೇಳಿದ: “ನೋಡ್ರಪಾ, ಆಸ್ಪತ್ರಿ ತನಕ ಎಲ್ಲೂ ನಿಂದ್ರಸಂಗಿಲ್ಲ. ಒಲ್ಲೆ ಅನ್ನೋರು ಈಗ ಇಳೀರಿ.”

ಯಾರೂ ಇಳಿಯಲಿಲ್ಲ. ಕೊತ್ತಂಬರಿ ಬುಟ್ಟಿ ಹಿಡಿದ ಮುದುಕಿಯೊಬ್ಬಳು, “ನಮ್ಮೂರು ದಾಟಿದ್ರ ದಾಟಲಿ ತಗೋ. ಊರೇನು ಓಡಿ ಹೋಗತೈತೇನು?” ಅಂದಳು. ಕಂಬಳಿ, ದುಪ್ಪಟಿ, ಟವೆಲ್ಲು ಎಲ್ಲ ಸೀಟಿನಿಂದಲೂ ಬಂದವು. ಅವನ್ನು ಹಾಸಿ ಅನ್ನಪೂರ್ಣಳನ್ನು ಸೀಟುಗಳ ನಡುವೆ ಮಲಗಿಸಿದೆವು. ಬೈಕನ್ನು ಜೀಪಿನವನಿಗೆ ಬಿಟ್ಟು ನಾವೂ ಹತ್ತಿದ ಮೇಲೆ ಬಸ್ಸು ಹೊರಟಿತು.

ಸ್ವಲ್ಪ ಹೊತ್ತಿನಲ್ಲಿ ಅವಳ ರೆಪ್ಪೆ ಮತ್ತೆ ಇಳಿಯತೊಡಗಿತು. “ಮಾತಾಡ್ಸು,” ಅಂದೆ ಕೊಟ್ರೇಶಿಗೆ. ಊರಿಗೆಲ್ಲ ಮಾತು ಹಂಚುವವನು ಕಂಬಳಿಯ ಅಂಚನ್ನೇ ಸರಿಪಡಿಸುತ್ತಾ ಕೂತ. “ಪಿಕ್ಚರ್ ಕಥಿ ಹೇಳಲೇ,” ಅಂದೆ. ಅವನು ತೊದಲುತ್ತಾ ಶುರು ಮಾಡಿದ. ಇಬ್ಬರು ಪೊಲೀಸರು, ವಜ್ರದ ಕಳ್ಳರು, ಬೆಂಕಿ ಹತ್ತಿದ ಕಾರು. “ಆಮ್ಯಾಲ ಉದ್ದನವ ಸೇತುವಿ ಮ್ಯಾಲಿಂದ ಜಿಗದ...”

“ಉದ್ದನವ ಅಲ್ಲಲೇ, ಕುಳ್ಳ.”

“ನಾ ಮುಂದಿನ ಸಾಲಿನಾಗ ಕುಂತಿದ್ದೆ. ಉದ್ದನವ.”

“ಕುಳ್ಳ!”

ಅನ್ನಪೂರ್ಣಳ ತುಟಿ ಅಲುಗಿತು. “ಆಮ್ಯಾಲ?” ಅಂದಳು.

ಆಮೇಲೇನಾಯಿತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಸೇತುವೆಯ ಹೊತ್ತಿಗೇ ಹೊರಗೆ ಬಂದಿದ್ದೆವು. ಕೊಟ್ರೇಶಿ ನನ್ನ ಮುಖ ನೋಡಿದ. ನಾನು ಕುಳ್ಳನನ್ನು ಹೊಳೆಗೆ ಬೀಳಿಸಿದೆ. ಅವನು ಉದ್ದನವನನ್ನು ದೋಣಿ ಹತ್ತಿಸಿದ. ನಾನು ದೋಣಿಗೆ ತೂತು ಮಾಡಿದೆ. ಅವನು ಆ ತೂತಿನಲ್ಲಿ ಕಳ್ಳರ ಮುಖ್ಯಸ್ಥನ ಟೋಪಿ ತುರುಕಿದ. ಬಸ್ಸು ಕುಲುಕಿದಾಗೆಲ್ಲ ಅವಳ ಹಣೆ ಬೆವರುತ್ತಿತ್ತು, ಒಮ್ಮೆಯಂತೂ ಕಣ್ಣು ಪೂರ್ತಿ ಮುಚ್ಚಿಬಿಟ್ಟಳು. ಕೊಟ್ರೇಶಿ ಅವಳ ಗಲ್ಲ ತಟ್ಟಿ, ಅಳುತ್ತಲೇ, “ಕೇಳ, ಕೇಳ, ಇನ್ನೂ ಮುಗಿದಿಲ್ಲ,” ಅಂದ. ಹಿಂದಿನ ಸೀಟಿನಿಂದ ಮುದುಕಿ, “ಆ ಕುಳ್ಳ ಉಳದನೋ ಇಲ್ಲೋ ಹೇಳ್ರಪಾ ಮೊದಲು,” ಎಂದು ಗದರಿಸಿದಳು. ನಾವು ಕುಳ್ಳನನ್ನು ಸಾಯಗೊಡಲಿಲ್ಲ. ದಾವಣಗೆರೆಯ ಮನೆಗಳು ಕಾಣುವವರೆಗೂ ಅವನನ್ನು ಒಂದಾದ ಮೇಲೊಂದು ಆಪತ್ತಿಗೆ ದೂಡಿ, ಎತ್ತಿ, ಮತ್ತೆ ದೂಡಿದೆವು.

ಆಸ್ಪತ್ರೆಯಲ್ಲಿ ರಕ್ತ ಬೇಕೆಂದರು. ಸಿನಿಮಾ ಆಗಿದ್ದರೆ ನನ್ನದೇ ಹೊಂದಬೇಕಿತ್ತು, ನಾನು ಅಂಗಿಯ ತೋಳು ಮಡಚಿ ನಿಂತೂ ಇದ್ದೆ. ಹೊಂದಲಿಲ್ಲ. ಕಂಡಕ್ಟರನದು ಹೊಂದಿತು, ಬಸ್ಸಿನಲ್ಲಿದ್ದ ಹಿರೇಹಡಗಲಿಯ ರೈತನೊಬ್ಬನದು ಹೊಂದಿತು. ದೀಪ ಹಚ್ಚುವ ಹೊತ್ತಿಗೆ ನರ್ಸು ಬಂದು, ತಾಯಿ ಉಳಿದಳು, ಹೆಣ್ಣು ಮಗು, ಬಹಳ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ ಅಂದಳು. ಕೊಟ್ರೇಶಿ ಬೆಂಚಿನ ಮೇಲೆ ಕುಸಿದು ಕೂತ. ತಲೆ ಎತ್ತದೆ, “ಉದ್ದನವನ ಜಿಗದದ್ದು,” ಅಂದ. ನಾನು ಟೀ ತರಲು ಹೋದೆ.

ಆ ಪಿಕ್ಚರಿನ ಉಳಿದ ಭಾಗವನ್ನು ಎಷ್ಟೋ ದಿನಗಳ ಮೇಲೆ ಟೀವಿಯಲ್ಲಿ ನೋಡಿದೆ. ದೋಣಿಯಿಲ್ಲ, ಹೊಳೆಯಿಲ್ಲ. ನಮ್ಮದೇ ಚೆನ್ನಾಗಿತ್ತು. ಹಾಗೆಂದು ಎರಡನೇ ಭಾಗಗಳನ್ನು ಹೀಗಳೆಯಲು ನನಗೀಗ ಮನಸ್ಸು ಬರುವುದಿಲ್ಲ. ಮೊದಲನೆಯದರಲ್ಲಿ, ಒಬ್ಬರಿಗೊಬ್ಬರು ಆಗದ ಇಬ್ಬರು ಕೂಡುತ್ತಾರೋ ಇಲ್ಲವೋ ಎಂದಷ್ಟೇ ಕಾಯುತ್ತೇವೆ. ಎರಡನೆಯದರಲ್ಲಿ ಕೂಡಿದವರು ಒಡೆದು ಹೋದಾರೆಂಬ ಹೆದರಿಕೆ. ಹೆದರಿಕೊಂಡು ನೋಡುವವನಿಗೆ ನಗು ಅಷ್ಟು ಸಲೀಸಾಗಿ ಬಾರದು. ಅದಕ್ಕೆ ಪಿಕ್ಚರನ್ನು ಬೈದು ಏನು ಫಲ?

ಮೂರನೇ ಭಾಗವೂ ಬಂತು. ಈ ಸಲ ಕೊಟ್ರೇಶಿ, ನಾನು, ಮತ್ತು ಗಾಜಿನ ಪೆಟ್ಟಿಗೆಯಿಂದ ಹೊರಬಂದು ಶಾಲೆ ಸೇರಿದ್ದ ಅವನ ಮಗಳು ಚೈತ್ರಾ ಹೋಗಿ ಕೂತೆವು. ಪಿಕ್ಚರ್ ತೀರ ಕೆಟ್ಟದಾಗಿತ್ತು. ಇಬ್ಬರು ಪೊಲೀಸರಿಗೂ ಹೊಟ್ಟೆ ಬಂದಿತ್ತು, ಓಡುವಾಗ ಏದುಸಿರು ಬಿಡುತ್ತಿದ್ದರು. ಕೊಟ್ರೇಶಿ ನಿದ್ದೆ ಹೋದ. ನಾನೂ ಆಕಳಿಸುತ್ತಾ ಏಳೋಣವೇ ಅಂದುಕೊಳ್ಳುತ್ತಿದ್ದೆ. ಪರದೆಯ ಮೇಲೆ ಇಬ್ಬರೂ ಜಗಳವಾಡಿ, ಒಬ್ಬ ಕಾರಿನಿಂದ ಇಳಿದು ಹೋದ. ಚೈತ್ರಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

“ಮಾವಾ, ಇವ್ರು ಮತ್ತ ಕೂಡ್ತಾರೇನು?”

ಇನ್ನೆರಡು ಭಾಗ ಬಂದರೂ ಇವರು ಕೂಡೇ ಕೂಡುತ್ತಾರೆಂದು ಟಾಕೀಸಿನ ಕುರ್ಚಿಗಳಿಗೂ ಗೊತ್ತಿತ್ತು. ಆದರೆ ಅವಳ ಕಣ್ಣು ನೋಡಿದೆ. ಅವಳಿಗೆ ಇದೇ ಮೊದಲನೆಯದು.

“ಗೊತ್ತಿಲ್ಲವ್ವಾ, ನೋಡೂಣು,” ಅಂದು ನಾನೂ ಕುರ್ಚಿಯ ತುದಿಗೆ ಸರಿದು ಕೂತೆ.